ಎಷ್ಟು ಬೇಕೋ ಅಷ್ಟು

2016ರ ಮಳೆಗಾಲ. ನಾನು ಆಗ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದೆ. ಊರಿಂದೂರಿಗೆ ಸಾಮಾನು ಸಾಗಿಸುವ ಗಾಡಿಗಳು ಎಲ್ಲಿವೆ, ಎಷ್ಟು ದೂರ ಓಡಿದವು ಎಂದು ಲೆಕ್ಕ ಇಡುವ ವ್ಯವಸ್ಥೆ ನಮ್ಮದು. ಪ್ರತಿ ಗಾಡಿಯಲ್ಲೂ ಒಂದು ಜಿಪಿಎಸ್ ಪೆಟ್ಟಿಗೆ. ಕೆಲವು ಸೆಕೆಂಡುಗಳಿಗೊಮ್ಮೆ ಅದು ತಾನಿರುವ ಜಾಗವನ್ನು ನಮ್ಮ ಸರ್ವರಿಗೆ ತಿಳಿಸುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಹೇಳಬೇಕಾದ್ದನ್ನೆಲ್ಲ ತನ್ನೊಳಗೇ ಕೂಡಿಟ್ಟುಕೊಂಡು, ನೆಟ್‌ವರ್ಕ್ ಸಿಕ್ಕ ಕೂಡಲೇ ಒಂದೇ ಉಸಿರಿಗೆ ಸುರಿಯುತ್ತದೆ. ಸರ್ವರ್ 'ತಲುಪಿತು' ಎಂದರೆ ಪೆಟ್ಟಿಗೆ ತನ್ನ ಪ್ರತಿಯನ್ನು ಅಳಿಸಿಹಾಕುತ್ತದೆ.

ಒಂದು ರಾತ್ರಿ ಘಟ್ಟದ ಕಡೆ ಜೋರು ಮಳೆಯಾಗಿ ಮೊಬೈಲ್ ಟವರುಗಳು ಸತ್ತವು. ಬೆಳಗಿನ ಜಾವ ಅವು ಮತ್ತೆ ಜೀವ ಪಡೆದಾಗ ಗಾಡಿಗಳೆಲ್ಲ ಇಡೀ ರಾತ್ರಿಯ ಕತೆಯನ್ನು ಒಟ್ಟಿಗೆ ಹೇಳತೊಡಗಿದವು. ನಮ್ಮ ಸರ್ವರ್ ಎಲ್ಲದಕ್ಕೂ 'ತಲುಪಿತು, ತಲುಪಿತು' ಎನ್ನುತ್ತ ಹೋಯಿತು. ಡೇಟಾಬೇಸಿಗೆ ಅಷ್ಟು ವೇಗದಲ್ಲಿ ಬರೆದುಕೊಳ್ಳಲು ಆಗಲಿಲ್ಲ. ಬಂದದ್ದೆಲ್ಲ ಮೆಮೊರಿಯಲ್ಲಿ ಸಾಲುಗಟ್ಟಿ ನಿಂತಿತು. ಕೊನೆಗೆ ಮೆಮೊರಿ ತುಂಬಿ ಪ್ರೋಗ್ರಾಂ ಸತ್ತಿತು. ಸಾಲಿನಲ್ಲಿ ಕಾಯುತ್ತಿದ್ದದ್ದು ಅದರೊಂದಿಗೇ ಹೋಯಿತು. ಗಾಡಿಗಳ ಪೆಟ್ಟಿಗೆಯಲ್ಲಂತೂ ಪ್ರತಿ ಉಳಿದಿರಲಿಲ್ಲ.

ಇದು ಬರೀ ಯಂತ್ರದ ಕತೆಯಾಗಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಡ್ರೈವರುಗಳಿಗೆ ದುಡ್ಡು ಸಿಗುತ್ತಿದ್ದದ್ದು ಕಿಲೋಮೀಟರ್ ಲೆಕ್ಕದಲ್ಲಿ. ಆ ತಿಂಗಳ ಕೊನೆಗೆ ಕೆಲವರ ಬಾಬ್ತು ಕಡಿಮೆ ಬಂತು. ಮಳೆಯಲ್ಲಿ ರಾತ್ರಿಯಿಡೀ ಗಾಡಿ ಓಡಿಸಿದವರ ಕೂಲಿಯೇ ಕಡಿತವಾಗಿತ್ತು. ಅವರಲ್ಲೊಬ್ಬರು ಆಫೀಸಿಗೇ ಬಂದರು. ಕೈಯಲ್ಲಿ ಎಣ್ಣೆಕಲೆಯ ಒಂದು ನೋಟ್‌ಬುಕ್. ಹೊರಟ ಊರು, ತಲುಪಿದ ಊರು, ಮೀಟರ್ ತೋರಿಸಿದ ಅಂಕಿ, ಎಲ್ಲ ಪೆನ್ಸಿಲಿನಲ್ಲಿ. "ಸರ್, ನಿಮ್ ಕಂಪ್ಯೂಟರ್ ಮರ್ತಿರ್ಬೋದು, ನನ್ ಗಾಡಿ ಮೀಟ್ರು ಮರ್ತಿಲ್ಲ" ಎಂದರು. ಜಗಳದ ದನಿಯಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಇಂಥ ನೋಟ್‌ಬುಕ್ಕುಗಳನ್ನು ಇಟ್ಟುಕೊಂಡೇ ಲೆಕ್ಕ ಸರಿಮಾಡಿದೆವು.

ತಪ್ಪು ನನ್ನದೇ. ಆ ಭಾಗದ ಕೋಡನ್ನು ಬರೆದವನೂ ನಾನೇ, ಅದಕ್ಕೆ ಬಳಸಿದ ಲೈಬ್ರರಿಯನ್ನು ಆರಿಸಿದವನೂ ನಾನೇ. ಲೈಬ್ರರಿ ಎಂದರೆ ಇಲ್ಲಿ, ಬೇರೆಯವರು ಬರೆದಿಟ್ಟಿರುವ, ನಾವು ನಮ್ಮ ಪ್ರೋಗ್ರಾಂಗೆ ಜೋಡಿಸಿಕೊಳ್ಳುವ ಸಿದ್ಧ ಕೋಡ್. ನಾನು ಆರಿಸಿದ್ದು ಆರ್‌ಎಕ್ಸ್‌ಜಾವಾ. ಆಗ ಎಲ್ಲರ ಬಾಯಲ್ಲೂ ಅದೇ ಹೆಸರು, ಹಾಗಾಗಿ ಆರಿಸಿದ್ದೆ. ಘಟನೆಗೆ ಕೆಲವು ತಿಂಗಳ ಮುಂಚೆ ಅದು 'ಮಿಸ್ಸಿಂಗ್ ಬ್ಯಾಕ್‌ಪ್ರೆಶರ್' ಎಂಬ ದೋಷ ತೋರಿಸಿ ಆಗಾಗ ನಿಲ್ಲುತ್ತಿತ್ತು. ಹಾಗೆಂದರೇನು ಎಂದು ಪೂರ್ತಿ ಓದದೆ, 'ಆನ್‌ಬ್ಯಾಕ್‌ಪ್ರೆಶರ್‌ಬಫರ್' ಎಂಬ ಒಂದು ಪದವನ್ನು ಸೇರಿಸಿದೆ. ದೋಷ ಮಾಯವಾಯಿತು. ಹೆಚ್ಚಾಗಿ ಬಂದದ್ದನ್ನೆಲ್ಲ ಮಿತಿಯಿಲ್ಲದೆ ಮೆಮೊರಿಯಲ್ಲಿ ಕೂಡಿಡು ಎಂಬುದು ಆ ಪದದ ಅರ್ಥ. ಎಚ್ಚರಿಸುತ್ತಿದ್ದ ಬಾಯಿಗೆ ಬಟ್ಟೆ ತುರುಕಿದ್ದೆ.

ಮುಂದೆ ಆ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಗಿ ಬಂದಾಗ, ಈ ಸಲ ಯಾವ ಲೈಬ್ರರಿ ಎಂದು ನಿರ್ಧರಿಸುವ ಮೊದಲು ಇವೆಲ್ಲ ಎಲ್ಲಿಂದ ಬಂದವು ಎಂದು ಓದಲು ಕೂತೆ. ಅಲ್ಲಿ ಕಂಡ ಚರಿತ್ರೆಯನ್ನು ಕಂಪ್ಯೂಟರ್ ಓದಿದವರಿಗೂ ಓದದವರಿಗೂ ಹೇಳಬಹುದು ಎನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

*

ಕತೆ ಶುರುವಾಗುವುದು ಒಂದು ತೋಟದ ಕೊಳವೆಯಿಂದ. 1964ರ ಅಕ್ಟೋಬರ್‌ನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಗ್ ಮ್ಯಾಕ್‌ಇಲ್ರಾಯ್ ಒಂದು ಟಿಪ್ಪಣಿ ಟೈಪು ಮಾಡಿಟ್ಟರು. ತೋಟಕ್ಕೆ ನೀರು ಬಿಡುವಾಗ ಒಂದು ಕೊಳವೆ ಸಾಲದಿದ್ದರೆ ಇನ್ನೊಂದನ್ನು ತಿರುಪಿ ಜೋಡಿಸುತ್ತೇವಲ್ಲ, ಪ್ರೋಗ್ರಾಂಗಳನ್ನೂ ಹಾಗೆ ಒಂದಕ್ಕೊಂದು ಜೋಡಿಸುವಂತಿರಬೇಕು ಎಂಬುದು ಅದರ ತಿರುಳು. ಈ ಆಸೆ ಕೈಗೂಡಲು ಒಂಬತ್ತು ವರ್ಷ ಹಿಡಿಯಿತು. 1973ರಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್‌ನಲ್ಲಿ 'ಪೈಪ್' ಅನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದರು ಎನ್ನುತ್ತಾರೆ. ಒಂದು ಪ್ರೋಗ್ರಾಂನಿಂದ ಹೊರಬಿದ್ದದ್ದು ನೇರವಾಗಿ ಇನ್ನೊಂದರ ಒಳಕ್ಕೆ.

ಈ ಪೈಪಿನಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಗುಣವಿದೆ. ಅದರ ಹೊಟ್ಟೆ ಚಿಕ್ಕದು. ಇಂದಿನ ಲಿನಕ್ಸ್‌ನಲ್ಲೂ ಸಾಮಾನ್ಯವಾಗಿ 65,536 ಬೈಟು ಮಾತ್ರ. ಅದು ತುಂಬಿದರೆ, ಬರೆಯುತ್ತಿರುವ ಪ್ರೋಗ್ರಾಂ ಅನ್ನು ಆಪರೇಟಿಂಗ್ ಸಿಸ್ಟಂ ಮಲಗಿಸಿಬಿಡುತ್ತದೆ. ಓದುವವನು ಒಂದಿಷ್ಟು ಓದಿ ಜಾಗ ಮಾಡಿಕೊಟ್ಟ ಮೇಲೆ ಎಬ್ಬಿಸುತ್ತದೆ. ಅಂದರೆ ಕೆಳಗಿನವನ ಶಕ್ತಿ ಎಷ್ಟೋ ಅಷ್ಟೇ ವೇಗದಲ್ಲಿ ಮೇಲಿನವನು ಓಡುತ್ತಾನೆ. ಕೆಳಗಿನಿಂದ ಮೇಲಕ್ಕೆ ಮುಟ್ಟುವ ಈ ಒತ್ತಡಕ್ಕೇ ಬ್ಯಾಕ್‌ಪ್ರೆಶರ್ ಎನ್ನುವುದು.

ಕೆರೆ ಬಯಲಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕೆರೆಯ ತೂಬು ತೆಗೆಯುವ ಅಧಿಕಾರ ನೀರಗಂಟಿಯದು. ಅವನು ಗದ್ದೆಯನ್ನು ನೋಡಿ ತೂಬು ಎತ್ತುತ್ತಾನೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬೇಕು ಎಂಬುದು ಅವನಿಗೆ ಗೊತ್ತು. ಮಳೆ ಹೆಚ್ಚಾದರೆ ನೀರು ಕೋಡಿ ಬೀಳುತ್ತದೆ, ಏರಿ ಉಳಿಯುತ್ತದೆ. ಕೋಡಿಯಿಲ್ಲದ ಕೆರೆ ಕಟ್ಟಿದರೆ ಒಂದು ದಿನ ಏರಿಯೇ ಒಡೆಯುತ್ತದೆ. ನಾನು ಕಟ್ಟಿದ್ದು ಅಂಥದೊಂದು ಕೆರೆ.

*

'ರಿಯಾಕ್ಟಿವ್' ಎಂಬ ಪದಕ್ಕೂ ವಯಸ್ಸಾಗಿದೆ. 1985ರಲ್ಲಿ ಡೇವಿಡ್ ಹರೆಲ್ ಮತ್ತು ಅಮೀರ್ ಪ್ನುವೇಲಿ ತಮ್ಮ ಪ್ರಬಂಧವೊಂದರಲ್ಲಿ ಪ್ರೋಗ್ರಾಂಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು ಬಗೆಯದು ಲೆಕ್ಕ ತೆಗೆದುಕೊಂಡು ಉತ್ತರ ಕೊಟ್ಟು ಮುಗಿಸುತ್ತದೆ. ಇನ್ನೊಂದು ಮುಗಿಯುವುದೇ ಇಲ್ಲ, ಹೊರಗಿನಿಂದ ಬರುವುದಕ್ಕೆ ಸ್ಪಂದಿಸುತ್ತಲೇ ಇರುತ್ತದೆ. ಇದನ್ನು ಅವರು ರಿಯಾಕ್ಟಿವ್ ಎಂದರು. ಜನಸಾಮಾನ್ಯರ ಕೈಗೆ ಈ ಗುಣ ಅದಕ್ಕೂ ಮೊದಲೇ ಸಿಕ್ಕಿತ್ತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್ಸ್‌ಟನ್ ತಂದ ವಿಸಿಕ್ಯಾಲ್ಕ್‌ನಲ್ಲಿ ಒಂದು ಮನೆಯ ಅಂಕಿ ಬದಲಿಸಿದರೆ ಅದನ್ನು ನೆಚ್ಚಿಕೊಂಡ ಉಳಿದ ಮನೆಗಳೆಲ್ಲ ತಾವೇ ಬದಲಾಗುತ್ತಿದ್ದವು. ಇಂದು ಎಕ್ಸೆಲ್ ತೆರೆಯುವ ಪ್ರತಿಯೊಬ್ಬ ಗುಮಾಸ್ತೆಯೂ ಈ ಬಗೆಯ ಪ್ರೋಗ್ರಾಂ ಬರೆಯುತ್ತಿರುತ್ತಾರೆ. 1997ರಲ್ಲಿ ಕೋನಲ್ ಎಲಿಯಟ್ ಮತ್ತು ಪಾಲ್ ಹುಡಾಕ್ ಇದಕ್ಕೆ ಗಣಿತದ ಭಾಷೆ ಕೊಟ್ಟರು. ಹ್ಯಾಸ್ಕೆಲ್‌ನಲ್ಲಿ ಚಲಿಸುವ ಚಿತ್ರಗಳನ್ನು ಕಾಲದೊಂದಿಗೆ ಬದಲಾಗುವ ಮೌಲ್ಯಗಳೆಂದು ಬರೆದು ತೋರಿಸಿದರು.

ನಮ್ಮ ಕತೆಗೆ ಮುಖ್ಯನಾದ ಮನುಷ್ಯ ಡಚ್ ಮೂಲದ ಎರಿಕ್ ಮೈಯರ್. ಹ್ಯಾಸ್ಕೆಲ್ ಲೋಕದಿಂದ ಮೈಕ್ರೋಸಾಫ್ಟಿಗೆ ಬಂದವರು. ಅವರ ತಂಡಕ್ಕೆ ಎದುರಾದ ಪ್ರಶ್ನೆ, ಎಲ್ಲಿಂದಲೋ ಯಾವಾಗಲೋ ಬರುವ ಘಟನೆಗಳನ್ನು ಶಿಸ್ತಾಗಿ ಹಿಡಿಯುವುದು ಹೇಗೆ ಎಂಬುದು. ಇಲ್ಲಿ ಮೈಯರ್ ಕಂಡದ್ದು ನನಗೆ ಇವತ್ತಿಗೂ ಸೋಜಿಗ.

1994ರಲ್ಲಿ ನಾಲ್ವರು ಸೇರಿ ಬರೆದ, ತಂತ್ರಾಂಶದವರೆಲ್ಲ ಓದುವ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದಲ್ಲಿ 23 ಮಾದರಿಗಳಿವೆ. ಅವುಗಳಲ್ಲಿ ಒಂದು 'ಇಟರೇಟರ್'. ಪಟ್ಟಿಯೊಂದರಿಂದ 'ಮುಂದಿನದು ಕೊಡು, ಮುಂದಿನದು ಕೊಡು' ಎಂದು ಕೇಳಿ ತೆಗೆದುಕೊಳ್ಳುವ ಕ್ರಮ. ಇನ್ನೊಂದು 'ಅಬ್ಸರ್ವರ್'. ಏನಾದರೂ ಆದರೆ ನನಗೆ ತಿಳಿಸು ಎಂದು ಹೆಸರು ಬರೆಸಿ ಬರುವ ಕ್ರಮ. ಪುಸ್ತಕದಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಮೈಯರ್‌ಗೆ ಇವೆರಡು ಕನ್ನಡಿಯ ಎರಡು ಬದಿಗಳಂತೆ ಕಂಡವು. ಒಂದರಲ್ಲಿ ಕೇಳುವವನು ಎಳೆಯುತ್ತಾನೆ, ಇನ್ನೊಂದರಲ್ಲಿ ಕೊಡುವವನು ತಳ್ಳುತ್ತಾನೆ. ಉಳಿದದ್ದೆಲ್ಲ ಒಂದೇ. ಹಾಗಿದ್ದ ಮೇಲೆ ಪಟ್ಟಿಯ ಮೇಲೆ ಮಾಡಬಹುದಾದ ಸೋಸುವುದು, ಬದಲಿಸುವುದು, ಕೂಡಿಸುವುದು ಎಲ್ಲವನ್ನೂ ಘಟನೆಗಳ ಮೇಲೂ ಮಾಡಬಹುದು. ಪಟ್ಟಿಗೆ ಕೊನೆಯಿದೆ, ತೆಗೆಯುವಾಗ ತಪ್ಪೂ ಆಗಬಹುದು. ಹಳೆಯ ಅಬ್ಸರ್ವರ್‌ನಲ್ಲಿ ಇಲ್ಲದಿದ್ದ 'ಮುಗಿಯಿತು', 'ತಪ್ಪಾಯಿತು' ಎಂಬ ಎರಡು ಸುದ್ದಿಗಳನ್ನು ಸೇರಿಸಿದರು. 2009ರ ನವೆಂಬರ್‌ನಲ್ಲಿ ಇದು 'ರಿಯಾಕ್ಟಿವ್ ಎಕ್ಸ್‌ಟೆನ್ಶನ್ಸ್' ಎಂದು ಹೊರಬಂತು. ಚಿಕ್ಕದಾಗಿ ಆರ್‌ಎಕ್ಸ್.

ಆದರೆ ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವಾಗ ಒಂದು ವಸ್ತು ಕಳೆದುಹೋಯಿತು. ಎಳೆಯುವ ಕ್ರಮದಲ್ಲಿ ವೇಗ ಎಳೆಯುವವನ ಕೈಯಲ್ಲಿದೆ. ಅವನು ಕೇಳದಿದ್ದರೆ ಏನೂ ಬರುವುದಿಲ್ಲ. ತಳ್ಳುವ ಕ್ರಮದಲ್ಲಿ ತಳ್ಳಿಸಿಕೊಳ್ಳುವವನಿಗೆ 'ತಡಿ' ಎನ್ನಲು ಬಾಯಿಯಿಲ್ಲ. ಮೌಸಿನ ಚಲನೆ, ಕೀಲಿಮಣೆಯ ಒತ್ತು ಇಂಥವಕ್ಕೆ ಇದರಿಂದ ತೊಂದರೆಯಿಲ್ಲ. ಮನುಷ್ಯ ಎಷ್ಟು ಬೇಗ ಒತ್ತಿಯಾನು? ಒಂದು ಸರ್ವರ್ ಇನ್ನೊಂದು ಸರ್ವರಿಗೆ ತಳ್ಳತೊಡಗಿದಾಗ ಈ ಕೊರತೆ ಮೈಮೇಲೆ ಬರುತ್ತದೆ.

*

ಹಾಗೆ ಬಂದದ್ದು ನೆಟ್‌ಫ್ಲಿಕ್ಸ್‌ನಲ್ಲಿ. ಟಿವಿ, ಫೋನು, ಆಟದ ಪೆಟ್ಟಿಗೆ, ಹೀಗೆ ಬಗೆಬಗೆಯ ಸಾಧನಗಳಿಂದ ಬರುವ ಒಂದೊಂದು ಕೋರಿಕೆಗೂ ಅವರ ಸರ್ವರ್ ಒಳಗಿನ ಹಲವು ಸೇವೆಗಳನ್ನು ಕೇಳಿ ಉತ್ತರ ಜೋಡಿಸಬೇಕಿತ್ತು. ಜಾವಾದಲ್ಲಿ ಒಂದೊಂದು ಕಾಯುವಿಕೆಗೂ ಒಂದು ಥ್ರೆಡ್ ಮೀಸಲಿಟ್ಟರೆ, ಪ್ರತಿ ಥ್ರೆಡ್‌ಗೂ ಸಾಮಾನ್ಯವಾಗಿ 1 ಎಂಬಿ ಜಾಗ ಕಾದಿರಿಸಬೇಕು. ಸಾವಿರಾರು ಥ್ರೆಡ್‌ಗಳು ಸುಮ್ಮನೆ ಕಾಯುತ್ತ ಕೂತರೆ ಯಂತ್ರ ಬಳಲುತ್ತದೆ. ಮೈಕ್ರೋಸಾಫ್ಟಿನಲ್ಲಿ ಕೆಲಸ ಮಾಡಿ ಬಂದಿದ್ದ ಜಫರ್ ಹುಸೇನ್ ಅಲ್ಲಿ ಆರ್‌ಎಕ್ಸ್‌ನ ಪರವಾಗಿ ಮಾತಾಡಿದರು. ಬೆನ್ ಕ್ರಿಸ್ಟೆನ್ಸನ್ ಅದನ್ನು ಜಾವಾಕ್ಕೆ ತಂದರು. 2013ರ ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್ ಆರ್‌ಎಕ್ಸ್‌ಜಾವಾವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು.

ಅದೇ ವರ್ಷದ ಕೊನೆಯ ಹೊತ್ತಿಗೆ ನೆಟ್‌ಫ್ಲಿಕ್ಸ್, ಪಿವೋಟಲ್, ಟೈಪ್‌ಸೇಫ್ ಕಂಪನಿಗಳ ಎಂಜಿನಿಯರುಗಳು ಒಟ್ಟಿಗೆ ಕೂತರು. ಮೂವರಿಗೂ ತಮ್ಮ ತಮ್ಮ ಲೈಬ್ರರಿ ಇತ್ತು. ಟೈಪ್‌ಸೇಫ್‌ನದು ಆಕ್ಕಾ, ಪಿವೋಟಲ್‌ನದು ರಿಯಾಕ್ಟರ್. ಮೂವರಿಗೂ ಕಾಡುತ್ತಿದ್ದದ್ದು ಒಂದೇ ಸಮಸ್ಯೆ, ಕಳೆದುಹೋಗಿದ್ದ ಆ 'ತಡಿ'. ಅವರು ಒಪ್ಪಿಕೊಂಡ ಕರಾರು 2015ರ ಏಪ್ರಿಲ್ 30ರಂದು 'ರಿಯಾಕ್ಟಿವ್ ಸ್ಟ್ರೀಮ್ಸ್' ಎಂಬ ಹೆಸರಿನಲ್ಲಿ 1.0 ಆಗಿ ಪ್ರಕಟವಾಯಿತು. ಅದರಲ್ಲಿರುವುದು ನಾಲ್ಕೇ ಇಂಟರ್‌ಫೇಸುಗಳು: ಪಬ್ಲಿಷರ್, ಸಬ್‌ಸ್ಕ್ರೈಬರ್, ಸಬ್‌ಸ್ಕ್ರಿಪ್ಷನ್, ಪ್ರೊಸೆಸರ್. ಪತ್ರಿಕೆಗೆ ಚಂದಾದಾರರಾಗುವ ಭಾಷೆಯೇ. ಒಂದು ವ್ಯತ್ಯಾಸವಿದೆ. ಇಲ್ಲಿ ಚಂದಾದಾರ 'ನನಗೆ ಇಷ್ಟು ಕೊಡು' ಎಂದು ಸಂಖ್ಯೆ ಹೇಳುವ ತನಕ ಪ್ರಕಾಶಕ ಒಂದನ್ನೂ ಕಳಿಸುವಂತಿಲ್ಲ. ಹತ್ತು ಕೇಳಿದರೆ ಹತ್ತಕ್ಕಿಂತ ಹೆಚ್ಚು ಕಳಿಸುವಂತಿಲ್ಲ. ಯಾರೂ ಯಾರಿಗಾಗಿಯೂ ಥ್ರೆಡ್ ಹಿಡಿದು ಕಾಯುವುದಿಲ್ಲ. ಸಂಖ್ಯೆ ಮೇಲಕ್ಕೆ ಹೋಗುತ್ತದೆ, ಮಾಹಿತಿ ಕೆಳಕ್ಕೆ ಬರುತ್ತದೆ. 1973ರ ಪೈಪಿನಲ್ಲಿ ಸಹಜವಾಗಿದ್ದ ವಿವೇಕವನ್ನು ಮತ್ತೆ ಪಡೆಯಲು 42 ವರ್ಷ ಹಿಡಿಯಿತು.

2017ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 9ರಲ್ಲಿ ಇದೇ ನಾಲ್ಕು ಇಂಟರ್‌ಫೇಸುಗಳು 'ಫ್ಲೋ' ಎಂಬ ಹೆಸರಿನಡಿ ಭಾಷೆಯ ಭಾಗವೇ ಆದವು. ಪೈಪೋಟಿಯ ಕಂಪನಿಗಳು ಕೂಡಿ ಬರೆದ ಸಣ್ಣ ಕರಾರೊಂದು ಇಷ್ಟು ಬೇಗ ಭಾಷೆಯೊಳಗೆ ಸೇರುವುದು ಅಪರೂಪ.

ಇದರ ಬೆಳಕಿನಲ್ಲಿ ನನ್ನ ತಪ್ಪು ಇನ್ನಷ್ಟು ಸ್ಪಷ್ಟವಾಯಿತು. ಆರ್‌ಎಕ್ಸ್‌ಜಾವಾದ ಮೊದಲ ಆವೃತ್ತಿ ಹುಟ್ಟಿದ್ದು ಈ ಕರಾರಿಗೆ ಮುಂಚೆ. ಬ್ಯಾಕ್‌ಪ್ರೆಶರ್ ಅದಕ್ಕೆ ಆಮೇಲೆ ಹೊಲಿದ ತೇಪೆ. ಒಂದೇ 'ಅಬ್ಸರ್ವೆಬಲ್' ಎಂಬ ಹೆಸರಿನಡಿ 'ತಡಿ' ಎಂದರೆ ಕೇಳುವವೂ ಇದ್ದವು, ಕೇಳದವೂ ಇದ್ದವು. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ತಿಳಿಯದು. 2016ರ ಅಕ್ಟೋಬರ್‌ನಲ್ಲಿ ಬಂದ ಎರಡನೇ ಆವೃತ್ತಿ ಇವನ್ನು ಬೇರೆ ಮಾಡಿ, ಕೇಳುವುದಕ್ಕೆ 'ಫ್ಲೋಯಬಲ್' ಎಂದು ಹೊಸ ಹೆಸರಿಟ್ಟಿತು. ನಮ್ಮ ಮಳೆಯ ರಾತ್ರಿ ಕಳೆದು ಕೆಲವೇ ತಿಂಗಳಾಗಿತ್ತು.

*

2017ರ ಕೊನೆಗೆ ನಮ್ಮ ಮುಂದಿದ್ದವು ಮೂರು: ಆರ್‌ಎಕ್ಸ್‌ಜಾವಾ 2, ರಿಯಾಕ್ಟರ್ 3, ಆಕ್ಕಾ ಸ್ಟ್ರೀಮ್ಸ್. ಹಳೆಯ ಆರ್‌ಎಕ್ಸ್‌ಜಾವಾ 1ಕ್ಕೆ 2018ರ ಮಾರ್ಚ್ 31ರ ನಂತರ ಯಾವ ದುರಸ್ತಿಯೂ ಇಲ್ಲ ಎಂದು ಘೋಷಣೆಯಾಗಿತ್ತು. ಸುಮ್ಮನಿರುವ ಹಾಗಿರಲಿಲ್ಲ.

ಮೊದಲು ಆ ಮಳೆಯ ರಾತ್ರಿಯನ್ನೇ ಮತ್ತೆ ಆಡಿಸಿದೆವು. ಬೇಕೆಂದೇ ಡೇಟಾಬೇಸನ್ನು ನಿಧಾನ ಮಾಡಿ, ಮೇಲಿಂದ ಮಾಹಿತಿ ಸುರಿದು ನೋಡಿದೆವು. ಮೂರೂ ಬಿದ್ದುಹೋಗಲಿಲ್ಲ. ಮೂರೂ ಒಂದೇ ಕರಾರಿಗೆ ಸಹಿ ಹಾಕಿದವಲ್ಲವೇ. ಹಾಗಾಗಿ ವೇಗದ ಕೋಷ್ಟಕ ನೋಡಿ ನಿರ್ಧರಿಸುವ ಮಾತೇ ಉಳಿಯಲಿಲ್ಲ. ಇದರಿಂದ ಇನ್ನೊಂದು ಧೈರ್ಯವೂ ಬಂತು. ನಾಲ್ಕು ಇಂಟರ್‌ಫೇಸಿನ ಅಂಚಿನಲ್ಲಿ ನಿಂತು ಬರೆದರೆ, ನಾಳೆ ಆಯ್ಕೆ ತಪ್ಪೆಂದು ಕಂಡರೂ ಒಂದನ್ನು ಕಳಚಿ ಇನ್ನೊಂದನ್ನು ತಿರುಪಬಹುದು. ಮ್ಯಾಕ್‌ಇಲ್ರಾಯ್‌ರ ತೋಟದ ಕೊಳವೆಯಂತೆ.

ಎರಡನೆಯ ಪರೀಕ್ಷೆ ಹೊಳೆದದ್ದು ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯಿಂದ. ನಾವೆಲ್ಲ ಬರೆಯುವ ಸುಖದ ಬಗ್ಗೆ ಚರ್ಚಿಸುತ್ತಿದ್ದಾಗ ಆಕೆ, "ನೀವು ಬರೆದು ಹೋಗ್ತೀರ. ರಾತ್ರಿ ಫೋನ್ ಬಂದಾಗ ಓದೋಳು ನಾನು" ಎಂದಳು. ಮಾತು ನಿಂತಿತು. ಈ ಬಗೆಯ ಕೋಡಿನಲ್ಲಿ ತಪ್ಪಾದರೆ ಸಿಗುವ ದೋಷದ ಜಾಡು ಲೈಬ್ರರಿಯ ಹೊಟ್ಟೆಯೊಳಗೇ ಸುತ್ತಾಡುತ್ತದೆ, ನಮ್ಮ ಸಾಲಿಗೆ ಬಂದು ಮುಟ್ಟುವುದೇ ಇಲ್ಲ. ಏಕೆಂದರೆ ಹರಿವನ್ನು ಜೋಡಿಸುವ ಹೊತ್ತು ಬೇರೆ, ಅದು ಹರಿಯುವ ಹೊತ್ತು ಬೇರೆ. ಮೂರರಲ್ಲೂ ಒಂದೊಂದು ಸಣ್ಣ ಪ್ರೋಗ್ರಾಂ ಬರೆದು, ಅದರಲ್ಲಿ ಒಂದು ತಪ್ಪು ಬಚ್ಚಿಟ್ಟು ಆಕೆಗೆ ಕೊಟ್ಟೆವು. ರಿಯಾಕ್ಟರ್‌ನಲ್ಲಿ 'ಚೆಕ್‌ಪಾಯಿಂಟ್' ಎಂದು ಬರೆದು ದಾರಿಯಲ್ಲಿ ಕಲ್ಲು ನೆಡಬಹುದು. ದೋಷ ಬಂದಾಗ ಯಾವ ಕಲ್ಲಿನ ಹತ್ತಿರ ಎಂದು ಹೇಳುತ್ತದೆ. ಆಕೆಗೆ ಅಲ್ಲಿ ತಪ್ಪು ಸುಲಭವಾಗಿ ಸಿಕ್ಕಿತು.

ಮೂರನೆಯದು, ಇದನ್ನು ಸಾಕುತ್ತಿರುವವರು ಯಾರು ಎಂಬ ಪ್ರಶ್ನೆ. ಇಲ್ಲಿ ನನಗೆ ಕಂಡದ್ದು ಮನಸ್ಸಿಗೆ ಹಿತವಾಯಿತು. ಕ್ರಿಸ್ಟೆನ್ಸನ್ ನೆಟ್‌ಫ್ಲಿಕ್ಸ್ ಬಿಟ್ಟ ಮೇಲೆ ಆರ್‌ಎಕ್ಸ್‌ಜಾವಾದ ಹೊಣೆ ಹೊತ್ತವರು ಹಂಗೇರಿಯ ದಾವಿದ್ ಕಾರ್ನೋಕ್. ನೆಟ್‌ಫ್ಲಿಕ್ಸಿನ ನೌಕರರಲ್ಲ. ಎರಡನೇ ಆವೃತ್ತಿಯನ್ನು ಹೆಚ್ಚುಕಡಿಮೆ ಬುಡದಿಂದ ಬರೆದವರು ಅವರು. ರಿಯಾಕ್ಟರ್‌ನ ಸ್ಟೆಫಾನ್ ಮಾಲ್ದಿನಿ ಮತ್ತು ಅವರು ಸೇರಿ ಒಳಗಿನ ತಂತ್ರಗಳನ್ನು ಜಂಟಿಯಾಗಿ ಶೋಧಿಸಿ ಎರಡೂ ಲೈಬ್ರರಿಗಳಿಗೆ ಹಂಚಿದ್ದರು. ಹೊರಗೆ ಇದು ಮೇಲೋ ಅದು ಮೇಲೋ ಎಂದು ನಾವು ವಾದಿಸುತ್ತಿದ್ದಾಗ, ಒಳಗೆ ಅವು ಒಂದೇ ನೀರು ಕುಡಿದು ಬೆಳೆದಿದ್ದವು.

ನಮ್ಮ ಉಳಿದ ವ್ಯವಸ್ಥೆ ಸ್ಪ್ರಿಂಗ್ ಮೇಲೆ ನಿಂತಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಬಂದ ಸ್ಪ್ರಿಂಗ್ 5 ರಿಯಾಕ್ಟರ್ ಅನ್ನೇ ತನ್ನ ತಳಹದಿಯಲ್ಲಿ ಸೇರಿಸಿಕೊಂಡಿತ್ತು. ನಾವು ರಿಯಾಕ್ಟರ್ ಆರಿಸಿದೆವು.

ಅದಕ್ಕಿಂತ ದೊಡ್ಡ ತೀರ್ಮಾನ ಬೇರೆ ಇತ್ತು. ಮೂರರಲ್ಲಿ ಯಾವುದೂ ಮಳೆಯನ್ನು ನಿಲ್ಲಿಸಲಾರದು. ಗಾಡಿಗಳಿಗೆ 'ತಡಿ' ಎನ್ನಬಹುದು, ಆದರೆ ಪೆಟ್ಟಿಗೆಯ ಹೊಟ್ಟೆಯೂ ಚಿಕ್ಕದೇ. ಬಂದದ್ದನ್ನು ಮೊದಲು ಡಿಸ್ಕಿನ ಮೇಲೆ ಬರೆದಿಡಬೇಕು. ಅದಕ್ಕೆ ಕಾಫ್ಕಾ ತಂದೆವು. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಮುಕ್ತವಾದ ತಂತ್ರಾಂಶವಿದು. ಬರೆಯುವುದಕ್ಕೆಂದೇ ಪಳಗಿದ ವ್ಯವಸ್ಥೆಗೆ ಬರಹಗಾರನ ಹೆಸರು ಒಪ್ಪುತ್ತದೆ ಎಂದು ಅದರ ಕರ್ತೃಗಳಲ್ಲೊಬ್ಬರಾದ ಜೇ ಕ್ರೆಪ್ಸ್ ಫ್ರಾಂಜ್ ಕಾಫ್ಕಾನ ಹೆಸರನ್ನೇ ಇಟ್ಟರು. ಕಾಫ್ಕಾ ನಮ್ಮ ಕೆರೆ, ರಿಯಾಕ್ಟರ್ ನಮ್ಮ ತೂಬು. ಅಲ್ಲಿ ಬರೆದಾದ ಮೇಲಷ್ಟೇ ಗಾಡಿಗೆ 'ತಲುಪಿತು' ಎನ್ನಬೇಕು ಎಂದು ನಿಯಮ ಮಾಡಿದೆವು. ನನ್ನ ಹಳೆಯ ಕೋಡಿನ ನಿಜವಾದ ದೋಷ ಮೆಮೊರಿ ತುಂಬಿದ್ದಲ್ಲ. ತಲುಪದೇ ಇದ್ದದ್ದನ್ನು ತಲುಪಿತು ಎಂದು ಹೇಳಿದ್ದು.

*

ಆಮೇಲಿನ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. 2020ರ ಫೆಬ್ರುವರಿಯಲ್ಲಿ ಆರ್‌ಎಕ್ಸ್‌ಜಾವಾ 3 ಬಂತು. ಮರುವರ್ಷ ಎರಡನೇ ಆವೃತ್ತಿಯ ದುರಸ್ತಿ ನಿಂತಿತು. 2022ರ ಸೆಪ್ಟೆಂಬರ್‌ನಲ್ಲಿ ಆಕ್ಕಾದ ಒಡೆತನದ ಕಂಪನಿ ಅದರ ಪರವಾನಗಿಯನ್ನು ಬದಲಿಸಿತು. ಮುಕ್ತವಾಗಿದ್ದ ಹಳೆಯ ಕೋಡಿನಿಂದ ಅಪಾಚೆ ಪೆಕ್ಕೋ ಎಂಬ ಕವಲು ಒಡೆಯಿತು. ನಾವು ಆಕ್ಕಾ ಆರಿಸಿದ್ದರೆ ಏನಾಗುತ್ತಿತ್ತು ಎಂದು ಬೀಗುವ ಹಾಗಿಲ್ಲ. ಅದನ್ನು ನಾವು ಮುಂಚೆ ಊಹಿಸಿರಲಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಜಾವಾ 21 ಬಂದು ಆಟದ ನಿಯಮವನ್ನೇ ಬದಲಿಸಿತು. ಅದರ 'ವರ್ಚುವಲ್ ಥ್ರೆಡ್'ಗಳು ಬಹಳ ಹಗುರ. ಲಕ್ಷಗಟ್ಟಲೆ ಥ್ರೆಡ್ ಇಟ್ಟುಕೊಂಡು ಕಾಯಿಸಬಹುದು. ನೆಟ್‌ಫ್ಲಿಕ್ಸ್‌ನವರನ್ನು ಈ ದಾರಿಗೆ ತಂದ ಕಾರಣಗಳಲ್ಲಿ ಒಂದು ಹೀಗೆ ಕರಗಿಹೋಯಿತು. ಬರೀ ಕಾಯುವುದಕ್ಕಾಗಿ ರಿಯಾಕ್ಟಿವ್ ಶೈಲಿಯಲ್ಲಿ ಬರೆದಿದ್ದ ಕೋಡನ್ನು ನಾವೂ ಸಾದಾ ಜಾವಾಕ್ಕೆ ಮರಳಿಸಿದೆವು. ಓದಲು ಸುಲಭವಾಯಿತು. ಆದರೆ ಗಾಡಿಗಳ ಹರಿವು ಇರುವ ಕಡೆ ರಿಯಾಕ್ಟರ್ ಹಾಗೇ ಉಳಿದಿದೆ. ಥ್ರೆಡ್ ಎಷ್ಟೇ ಅಗ್ಗವಾದರೂ ಡೇಟಾಬೇಸಿನ ಶಕ್ತಿಗೆ ಮಿತಿಯಿದೆ. ಅಲ್ಲಿ ಯಾರೋ ಒಬ್ಬರು ಎಷ್ಟು ಬೇಕೆಂದು ಕೇಳಿ ಕೊಡಬೇಕು.

ಕಾಲೇಜುಗಳಲ್ಲಿ ಮಾತಾಡಲು ಹೋದಾಗ ಹುಡುಗರು ಕೇಳುತ್ತಾರೆ, "ಸರ್, ಯಾವ ಲೈಬ್ರರಿ ಕಲಿಯೋಣ?" ಹೆಸರುಗಳ ಆಯುಷ್ಯ ಚಿಕ್ಕದು ಎನ್ನುತ್ತೇನೆ. ಅದರ ಬದಲು ಮೂರು ಪ್ರಶ್ನೆ ಕೊಡುತ್ತೇನೆ. ತುಂಬಿದಾಗ ಇದು ಏನು ಮಾಡುತ್ತದೆ: ತಡೆಯುತ್ತದೆಯೋ, ಚೆಲ್ಲುತ್ತದೆಯೋ, ಒಡೆಯುತ್ತದೆಯೋ? ರಾತ್ರಿ ಇದನ್ನು ಓದಬೇಕಾದವರು ಯಾರು? ಚೆಲ್ಲಿದರೆ ಯಾರ ಪಾಲು ಚೆಲ್ಲುತ್ತದೆ?

ಮೂರನೆಯ ಪ್ರಶ್ನೆಯನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಆ ಡ್ರೈವರಿಗೆ ಬಾಕಿ ಹಣ ಮುಟ್ಟಿದ ದಿನ ಫೋನ್ ಮಾಡಿ ಹೇಳಿದ್ದೆ. "ಸರಿ ಸರ್, ಆದ್ರೂ ನಾನು ಬುಕ್ ಬರೆಯೋದು ಬಿಡಲ್ಲ" ಎಂದರು. ಬಿಡಬೇಡಿ ಎಂದೆ.